ಊರಿನ ಕೆಲಸಕ್ಕೆ ಸರ್ಕಾರದ ರೊಕ್ಕ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೆ ಚರಂಡಿ ಬೇಕು, ಹೊಲಕ್ಕೆ ದಾರಿ ಬೇಕು, ಸಂಘಕ್ಕೆ ರೊಟ್ಟಿ ಯಂತ್ರ ಬೇಕು. ರೊಕ್ಕ ಎಲ್ಲಿಂದ ಬರುತ್ತೆ, ಯಾರನ್ನ ಕೇಳಬೇಕು, ಕೇಳಿದ ಮೇಲೆ ಏನು ಮಾಡಬೇಕು? ನಮ್ಮ ಮೂರು ಜಿಲ್ಲೆಗಳ ಜನ ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು. ಆದರೆ ಮೊದಲ ಎರಡು ಪ್ರಶ್ನೆಗಳನ್ನು ಮಾತ್ರ ಬಿಡಬೇಡಿ.

ಊರಿಗೆ ಒಂದು ಕೆಲಸ ಆಗಬೇಕು. ಮೊದಲು ಯಾರ ಹತ್ತಿರ ಹೋಗಬೇಕು?

ಗ್ರಾಮ ಪಂಚಾಯಿತಿಗೆ. ಶಾಸಕರ ಮನೆಗಲ್ಲ, ಜಿಲ್ಲಾಧಿಕಾರಿ ಕಚೇರಿಗೂ ಅಲ್ಲ. ಕೊನೆಗೆ ರೊಕ್ಕ ಕೊಡುವವರು ಯಾರೇ ಆಗಿರಲಿ, ಪಂಚಾಯಿತಿಯ ಠರಾವು (ಸಭೆಯ ನಿರ್ಣಯ) ಇದೆಯಾ ಎಂದು ಕೇಳಿಯೇ ಕೇಳುತ್ತಾರೆ. ಜಾಗ ಪಂಚಾಯಿತಿಯದು, ಕೆಲಸ ಮುಗಿದ ಮೇಲೆ ಅದನ್ನು ನೋಡಿಕೊಳ್ಳುವುದೂ ಪಂಚಾಯಿತಿಯೇ. ಹಾಗಾಗಿ ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಹತ್ತಿರ ಲಿಖಿತ ಅರ್ಜಿ ಕೊಡಿ. ಪಟ್ಟಣದವರಾದರೆ ಪುರಸಭೆಯ ಮುಖ್ಯಾಧಿಕಾರಿಗೆ, ನಗರಸಭೆ ಇದ್ದರೆ ಪೌರಾಯುಕ್ತರಿಗೆ ಕೊಡಿ.

ಬಾಯಿಮಾತಿನಲ್ಲಿ ಹೇಳಿ ಬಂದರೆ ಅದು ಅಲ್ಲೇ ಮುಗಿಯಿತು. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಮುಂದೆ ನೀವು ಎಲ್ಲಿಗೇ ಹೋದರೂ ಕೆಲಸಕ್ಕೆ ಬರುವುದು ಆ ನಂಬರ್.

ಅರ್ಜಿ ಕೊಟ್ಟು ವರ್ಷ ಆಯ್ತು. "ಕ್ರಿಯಾಯೋಜನೆಯಲ್ಲಿ ಇಲ್ಲ" ಅಂತಾರೆ. ಹಾಗಂದ್ರೇನು?

ಪಂಚಾಯಿತಿ ಒಂದು ವರ್ಷದಲ್ಲಿ ಯಾವ ಅನುದಾನದಲ್ಲಿ ಯಾವ ಕೆಲಸ ಮಾಡುತ್ತದೆ ಎಂದು ಬರೆದಿಟ್ಟ ಪಟ್ಟಿಯೇ ಕ್ರಿಯಾಯೋಜನೆ. ಅದರಲ್ಲಿ ಹೆಸರಿಲ್ಲದ ಕೆಲಸಕ್ಕೆ ಬಿಲ್ ಆಗುವುದಿಲ್ಲ. ಪಿಡಿಒಗೆ ಮನಸ್ಸಿದ್ದರೂ ಆಗುವುದಿಲ್ಲ. ನಮ್ಮ ಕಡೆ ಊರಿನ ಕೆಲಸಗಳು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ರೊಕ್ಕ ಇರುತ್ತದೆ, ಕೇಳುವವರೂ ಇರುತ್ತಾರೆ. ಆದರೆ ಪಟ್ಟಿ ಮಾಡುವ ದಿನ ಯಾರೂ ಇರುವುದಿಲ್ಲ.

ಮುಂದಿನ ವರ್ಷದ ಪಟ್ಟಿಯ ಕೆಲಸ ಸಾಮಾನ್ಯವಾಗಿ ಅಕ್ಟೋಬರ್ 2ರ ಗಾಂಧಿ ಜಯಂತಿಯ ಆಸುಪಾಸು ಶುರುವಾಗುತ್ತದೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ವಾರ್ಡ್ ಸಭೆಯಲ್ಲಿ ನಿಮ್ಮ ಓಣಿಯ ಕೆಲಸ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದಿದ್ದನ್ನು ಅಲ್ಲೇ ಗಟ್ಟಿಯಾಗಿ ಓದಿಸಿ. ಆಮೇಲೆ ಸಹಿ ಮಾಡಿ. ಎಷ್ಟೋ ಊರಲ್ಲಿ ಖಾಲಿ ಹಾಳೆಗೆ ಮೊದಲು ಸಹಿ ತಗೊಂಡು, ನಡಾವಳಿ ಆಮೇಲೆ ಬರೆಯುತ್ತಾರೆ. ಇದಕ್ಕೆ ಒಪ್ಪಲೇಬೇಡಿ. ಹೆಣ್ಣುಮಕ್ಕಳು ಸಭೆಗೆ ಬಂದರೆ ನೀರು, ಶೌಚಾಲಯ, ಬೀದಿದೀಪದ ಮಾತು ಬರುತ್ತದೆ. ಅವರು ಬರದೇ ಹೋದರೆ ಅದು ಪಟ್ಟಿಗೇ ಸೇರುವುದಿಲ್ಲ.

ಪಂಚಾಯಿತಿಗೆ ಬರುವ ರೊಕ್ಕವನ್ನು ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದಾ?

ಇಲ್ಲ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ಅದರಲ್ಲಿ 60% ನಿರ್ಬಂಧಿತ. ಅಂದರೆ ಕುಡಿಯುವ ನೀರು, ಮಳೆನೀರು ಸಂಗ್ರಹ, ನೈರ್ಮಲ್ಯಕ್ಕೆ ಮಾತ್ರ. ಉಳಿದ 40% ಊರಿಗೆ ಬೇಕಾದ ಕೆಲಸಕ್ಕೆ. ಅದರಲ್ಲೂ ಸಂಬಳ ಕೊಡುವ ಹಾಗಿಲ್ಲ. "ರೊಕ್ಕ ಇಲ್ಲ" ಎಂದು ಪಂಚಾಯಿತಿಯವರು ಹೇಳಿದರೆ, ಯಾವ ಹೆಡ್‌ನಲ್ಲಿ ಇಲ್ಲ ಎಂದು ಕೇಳಿ. ರಸ್ತೆಗೆ ಇಲ್ಲದಿದ್ದರೂ ಚರಂಡಿಗೆ ಇರಬಹುದು.

ಈ ರೊಕ್ಕ ಚೆಕ್‌ನಲ್ಲಿ ಹೋಗುವುದಿಲ್ಲ. ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಡಿಜಿಟಲ್ ಸಹಿ, ಊರ ಮಾತಿನಲ್ಲಿ 'ಡೋಂಗಲ್', ಬಿದ್ದರೆ ಮಾತ್ರ ಆನ್‌ಲೈನಿನಲ್ಲಿ ಪಾವತಿ. ಅಧ್ಯಕ್ಷೆಯ ಡೋಂಗಲ್ ಮನೆಯ ಗಂಡಸರ ಜೇಬಿನಲ್ಲೋ, ಗುತ್ತಿಗೆದಾರನ ಕೈಯಲ್ಲೋ ಇರಬಾರದು. ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿಯ ಹೆಸರು ಹಾಕಿದರೆ ಯೋಜನೆಯೂ ಸಿಗುತ್ತದೆ, ಖರ್ಚೂ ಸಿಗುತ್ತದೆ. ಮೊಬೈಲಿನಲ್ಲೇ ನೋಡಬಹುದು. ಊರಿನ ಕಾಲೇಜು ಹುಡುಗರಿಗೆ ಹೇಳಿ, ತೆಗೆದು ತೋರಿಸುತ್ತಾರೆ.

ಇನ್ನೊಂದು ಮಾತು. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಚುನಾಯಿತ ಸದಸ್ಯರಿಲ್ಲದ ಸಂಸ್ಥೆಗೆ ಹಣಕಾಸು ಆಯೋಗದ ಅನುದಾನ ಸಿಗುವುದಿಲ್ಲ. ಚುನಾವಣೆ ತಡವಾದಷ್ಟೂ ನಷ್ಟ ನಮ್ಮ ಹಳ್ಳಿಗಳಿಗೇ.

ನಮ್ಮದೂ ಉತ್ತರ ಕರ್ನಾಟಕ ಅಲ್ವಾ? ಕಲ್ಯಾಣ ಕರ್ನಾಟಕ ಮಂಡಳಿಯ ರೊಕ್ಕ ನಮಗೆ ಬರುತ್ತಾ?

ಬರುವುದಿಲ್ಲ. ಆ ಮಂಡಳಿಗೆ ಆಧಾರವಾದ ಸಂವಿಧಾನದ 371(ಜೆ) ವಿಧಿ ಅನ್ವಯವಾಗುವುದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಮಾತ್ರ. ನಮ್ಮ ಭಾಗ ಹಿಂದಿನ ಮುಂಬೈ ಕರ್ನಾಟಕ. 2021ರಲ್ಲಿ ಕಿತ್ತೂರು ಕರ್ನಾಟಕ ಎಂದು ಹೆಸರಾಯಿತು. ಹೆಸರು ಬದಲಾಯಿತು, ಆ ವಿಧಿಯ ಸವಲತ್ತು ಬರಲಿಲ್ಲ. ಸಿಂದಗಿಯ ರೈತನಿಗೆ ಪಕ್ಕದ ಜೇವರ್ಗಿಯಲ್ಲಿ ಮಂಡಳಿಯ ರೊಕ್ಕದಿಂದ ಆದ ಶಾಲೆ ಕೋಣೆ, ರಸ್ತೆ ಕಾಣುತ್ತದೆ. ತನ್ನೂರಿಗೆ ಅದು ಬರುವುದಿಲ್ಲ. ಇದು ನೋವಿನ ಸಂಗತಿಯೇ. ನಮ್ಮ ಭಾಗಕ್ಕೂ ಇಂಥ ಮಂಡಳಿ ಬೇಕೆಂಬ ಬೇಡಿಕೆ ನ್ಯಾಯವಾದದ್ದು.

ಹಾಗಾದರೆ ನಮಗೆ ಯಾವ ಮಂಡಳಿ ಇದೆ?

ಬೆಳಗಾವಿ ಜಿಲ್ಲೆ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ 13 ಜಿಲ್ಲೆಗಳಲ್ಲಿ ಒಂದು. ಕಚೇರಿ ಶಿವಮೊಗ್ಗದಲ್ಲಿದೆ. ಖಾನಾಪುರದ ಕಾಡಂಚಿನ ಊರುಗಳಲ್ಲಿ ಹಳ್ಳ ದಾಟಲು ಕಿರು ಸೇತುವೆ ಬೇಕೆಂದರೆ ಈ ಮಂಡಳಿಯನ್ನು ಮರೆಯಬೇಡಿ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿ, ಕಚೇರಿ ಚಿತ್ರದುರ್ಗ. ಎರಡೂ ಮಂಡಳಿಗಳಲ್ಲಿ ಆ ಭಾಗದ ಶಾಸಕರು ಸದಸ್ಯರಾಗಿರುವುದರಿಂದ ಶಿಫಾರಸು ಅವರಿಂದಲೇ ಹೋಗಬೇಕು.

ಗಡಿಯ ಊರಾದರೆ ಇನ್ನೊಂದು ಬಾಗಿಲು ಇದೆ, ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ನಿಪ್ಪಾಣಿ, ಕಾಗವಾಡ, ಅಥಣಿ, ಖಾನಾಪುರ, ಚಡಚಣದ ಕಡೆಯವರು ಕನ್ನಡ ಶಾಲೆ, ವಾಚನಾಲಯ, ರಂಗಮಂದಿರದಂಥ ಕೆಲಸಕ್ಕೆ ಇಲ್ಲಿ ಪ್ರಸ್ತಾವನೆ ಕೊಡಬಹುದು.

ನಂಜುಂಡಪ್ಪ ವರದಿಯಲ್ಲಿ ನಮ್ಮ ತಾಲೂಕಿನ ಹೆಸರಿದೆ. ಅದರಿಂದ ಏನಾದರೂ ಸಿಗುತ್ತಾ?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಲೆಕ್ಕ ಹಾಕಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ ಆ 39ರೊಳಗೇ ಇದ್ದವು. 2007-08ರಿಂದ ಈ ತಾಲೂಕುಗಳಿಗೆಂದೇ ಇಲಾಖೆಗಳಲ್ಲಿ ವಿಶೇಷ ಅಭಿವೃದ್ಧಿ ಯೋಜನೆಯ ಪ್ರತ್ಯೇಕ ಹಣ ಇಡಲು ಶುರುಮಾಡಿದರು.

ಈ ರೊಕ್ಕ ನಿಮ್ಮ ಕೈಗೆ ನೇರವಾಗಿ ಬರುವುದಿಲ್ಲ. ಹಾಸ್ಟೆಲ್, ಆರೋಗ್ಯ ಕೇಂದ್ರ, ಕೆರೆ, ರಸ್ತೆಗೆ ಇಲಾಖೆ ಮೂಲಕ ಬರುತ್ತದೆ. ಆದರೆ ಪ್ರಸ್ತಾವನೆ ಬರೆಯುವಾಗ "ನಮ್ಮದು ನಂಜುಂಡಪ್ಪ ವರದಿಯ ಪ್ರಕಾರ ಅತ್ಯಂತ ಹಿಂದುಳಿದ ತಾಲೂಕು" ಎಂಬ ಸಾಲು ಸೇರಿಸಿ. ಆ ವರದಿ ಬಂದಾಗ ಚಡಚಣ ಇಂಡಿ ತಾಲೂಕಿನಲ್ಲಿತ್ತು, ತಾಳಿಕೋಟೆ ಮುದ್ದೇಬಿಹಾಳದಲ್ಲಿತ್ತು. ಹೊಸ ತಾಲೂಕಿನವರು ಮೂಲ ತಾಲೂಕಿನ ಹೆಸರನ್ನೂ ಬರೆಯಿರಿ. ಎರಡು ದಶಕದ ನಂತರ ಪರಿಸ್ಥಿತಿ ಹೇಗಿದೆ ಎಂದು ನೋಡಲು ಪ್ರೊ. ಎಂ. ಗೋವಿಂದರಾವ್ ಅವರ ನೇತೃತ್ವದಲ್ಲಿ ಹೊಸ ಸಮಿತಿಯನ್ನೂ ಸರ್ಕಾರ ಮಾಡಿತು.

ಶಾಸಕರ ನಿಧಿ, ಸಂಸದರ ನಿಧಿ ಎಷ್ಟಿರುತ್ತೆ?

ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ವಿಧಾನ ಪರಿಷತ್ ಸದಸ್ಯರಿಗೂ ಅಷ್ಟೇ. ಸಂಸದರಿಗೆ ವರ್ಷಕ್ಕೆ 5 ಕೋಟಿ. ಅದರಲ್ಲಿ 15% ಪರಿಶಿಷ್ಟ ಜಾತಿಯವರು ಇರುವ ಕಡೆ, 7.5% ಪರಿಶಿಷ್ಟ ಪಂಗಡದವರು ಇರುವ ಕಡೆ ಖರ್ಚಾಗಬೇಕು. ಕೇಳೋಕೆ ದೊಡ್ಡ ಮೊತ್ತ. ಆದರೆ ಒಂದು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರ ಇವೆ, ನೂರಾರು ಹಳ್ಳಿ ಇವೆ. ಹಾಗಾಗಿ ಸಣ್ಣ ಕೆಲಸ ಕೇಳಿ. ಬಸ್ ತಂಗುದಾಣ, ಶಾಲೆಗೆ ಒಂದು ಕೋಣೆ, ಶುದ್ಧ ನೀರಿನ ಘಟಕ, ಇಂಥವು ಸಿಗುತ್ತವೆ.

ಸಂಸದರು ರೊಕ್ಕ ಕೊಡುವುದಿಲ್ಲ, ಶಿಫಾರಸು ಮಾಡುತ್ತಾರೆ. ಮಂಜೂರು ಮಾಡುವುದು ಜಿಲ್ಲಾಡಳಿತ. ಪತ್ರ ಸಿಕ್ಕ ಕೂಡಲೇ ಕೆಲಸ ಆಯ್ತು ಎಂದು ಸನ್ಮಾನ ಇಟ್ಟುಕೊಳ್ಳಬೇಡಿ. ಆ ಪತ್ರ ಜಿಲ್ಲಾಧಿಕಾರಿ ಕಚೇರಿ ಮುಟ್ಟಿತಾ, ಅಂದಾಜು ಪತ್ರಿಕೆ ಮಾಡಲು ಯಾವ ಸಂಸ್ಥೆಗೆ ಹೋಯಿತು ಎಂದು ಹಿಂದೆ ಬೀಳಿ.

ಖಾನಾಪುರ, ಕಿತ್ತೂರಿನವರು ಗಮನಿಸಿ: ನೀವು ಬೆಳಗಾವಿ ಜಿಲ್ಲೆಯವರಾದರೂ ನಿಮ್ಮ ಲೋಕಸಭಾ ಕ್ಷೇತ್ರ ಉತ್ತರ ಕನ್ನಡ. ಅರ್ಜಿ ಅಲ್ಲಿನ ಸಂಸದರಿಗೆ ಹೋಗಬೇಕು. ರಾಜ್ಯಸಭಾ ಸದಸ್ಯರು ಮಾತ್ರ ರಾಜ್ಯದ ಯಾವ ಜಿಲ್ಲೆಗೆ ಬೇಕಾದರೂ ಕೊಡಬಹುದು. ಅವರನ್ನು ನಮ್ಮ ಜನ ಕೇಳುವುದೇ ಕಡಿಮೆ.

ಗುಡಿ ಕಟ್ಟೋಕೆ, ಸಮುದಾಯ ಭವನಕ್ಕೆ ಸಿಗುತ್ತಾ?

ಗುಡಿ, ಮಸೀದಿ, ಚರ್ಚ್‌ಗೆ ಸಂಸದರ ನಿಧಿ ಬಳಸುವಂತಿಲ್ಲ. ಗುಡಿಯ ಕೆಲಸಕ್ಕೆ ಧಾರ್ಮಿಕ ದತ್ತಿ ಇಲಾಖೆ ಇದೆ, ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ.

ಸಮುದಾಯ ಭವನ ಕೊಡುತ್ತಾರೆ. ಆದರೆ ನನ್ನ ಮಾತು ಕೇಳಿ. ನಮ್ಮ ಮೂರೂ ಜಿಲ್ಲೆಯಲ್ಲಿ ಬೀಗ ಹಾಕಿದ ಭವನಗಳು ಜಾಸ್ತಿ ಇವೆ. ಒಳಗೆ ಕರೆಂಟ್ ಇಲ್ಲ, ನೀರಿಲ್ಲ, ಅಡುಗೆಗೆ ಜಾಗ ಇಲ್ಲ. ಕಾರಣ ಏನಂದರೆ ಅಂದಾಜು ಪತ್ರಿಕೆಯಲ್ಲಿ ಗೋಡೆ ಮತ್ತು ಛಾವಣಿ ಮಾತ್ರ ಇರುತ್ತವೆ. ಮೀಟರ್, ಬೋರ್‌ವೆಲ್, ಶೌಚಾಲಯ "ಆಮೇಲೆ ನೋಡೋಣ" ಎಂದು ಬಿಟ್ಟಿರುತ್ತಾರೆ. ಅದೇ ಊರಲ್ಲಿ ರೈತರು ಜೋಳ, ಕಡಲೆ, ತೊಗರಿಯನ್ನು ಡಾಂಬರ್ ರಸ್ತೆ ಮೇಲೆ ಹಾಸಿ ಒಕ್ಕಣೆ ಮಾಡುತ್ತಿರುತ್ತಾರೆ. ರಾತ್ರಿ ಬೈಕಿನವರು ಅದರಲ್ಲಿ ಜಾರಿ ಬೀಳುತ್ತಾರೆ. ಅಂಥ ಊರಿಗೆ ಭವನಕ್ಕಿಂತ ಮೊದಲು ಒಂದು ಸಿಮೆಂಟಿನ ಕಣ ಬೇಕು. ಗ್ರಾಮಸಭೆಯಲ್ಲಿ ಅದನ್ನು ಕೇಳಿ.

ಅರ್ಜಿಯ ಜೊತೆ ಏನೇನು ಇಡಬೇಕು?

ಗ್ರಾಮಸಭೆಯ ಠರಾವು, ಜಾಗದ ಉತಾರ (ಜಾಗ ಯಾರದೆಂದು ತೋರಿಸುವ ದಾಖಲೆ), ಸ್ಥಳದ ಫೋಟೋ, ಊರವರ ಸಹಿ. ಇದರಲ್ಲಿ ಕೈ ಕೊಡುವುದು ಯಾವಾಗಲೂ ಉತಾರ. ಜಾಗ ಗಾವಠಾಣಾ (ಊರಿನ ವಾಸದ ಜಾಗ) ಇದೆಯಾ, ಗಾಯರಾಣ (ದನ ಮೇಯುವ ಗೋಮಾಳ) ಇದೆಯಾ, ಯಾರದೋ ಪಟ್ಟಾ ಇದೆಯಾ ಎಂದು ಮೊದಲೇ ನೋಡಿ. "ಅವರ ಅಪ್ಪ ಊರಿಗೆ ಬಿಟ್ಟುಕೊಟ್ಟಿದ್ದರು" ಎಂಬ ಮಾತಿಗೆ ಕಚೇರಿಯಲ್ಲಿ ಬೆಲೆ ಇಲ್ಲ. ದಾನ ಕೊಟ್ಟಿದ್ದರೆ ನೋಂದಣಿ ಆಗಿ, ಉತಾರದಲ್ಲಿ ಪಂಚಾಯಿತಿ ಅಥವಾ ಸರ್ಕಾರದ ಹೆಸರು ಬಂದಿರಬೇಕು. ಮಂಜೂರಾದ ರೊಕ್ಕ ಜಾಗದ ತಕರಾರಿನಿಂದ ವಾಪಸ್ ಹೋದರೆ ಮತ್ತೆ ತರುವುದು ಬಹಳ ಕಷ್ಟ.

ಅಂದಾಜು ಪತ್ರಿಕೆಯನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವರೋ, ನಿರ್ಮಿತಿ ಕೇಂದ್ರದವರೋ, ಸರ್ಕಾರದ ನಿರ್ಮಾಣ ಸಂಸ್ಥೆಯಾದ ಕೆಆರ್‌ಐಡಿಎಲ್‌ನವರೋ ಮಾಡುತ್ತಾರೆ. ಅವರು ಅಳತೆಗೆ ಬಂದ ದಿನ ಊರಿನ ಇಬ್ಬರಾದರೂ ಹತ್ತಿರ ನಿಲ್ಲಿ.

ನಮ್ಮದು ಮಹಿಳಾ ಸಂಘ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತೇವೆ. ದೊಡ್ಡದಾಗಿ ಮಾಡಲು ಸಹಾಯ ಇದೆಯಾ?

ಇದೆ, ಮತ್ತು ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ್ದು. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ, ಎಲ್ಲರೂ ಪಿಎಂಎಫ್‌ಎಂಇ ಎನ್ನುತ್ತಾರೆ. ಕೇಂದ್ರದ ಸಹಾಯಧನ 35%, ಅದರ ಮೇಲೆ ನಮ್ಮ ರಾಜ್ಯ 15% ಸೇರಿಸುತ್ತದೆ. ಒಟ್ಟು ಅರ್ಧ, ಗರಿಷ್ಠ 15 ಲಕ್ಷ. ಜಿಲ್ಲೆಗೊಂದು ಉತ್ಪನ್ನ ಎಂದು ಬೆಳಗಾವಿಗೆ ಬೆಲ್ಲ, ಬಾಗಲಕೋಟೆಗೆ ಈರುಳ್ಳಿ, ವಿಜಯಪುರಕ್ಕೆ ಲಿಂಬೆ ಗುರುತಾಗಿದೆ. ರೊಟ್ಟಿಯಂಥ ಬೇರೆ ಪದಾರ್ಥಕ್ಕೂ ಅರ್ಜಿ ಹಾಕಬಹುದು.

ಲೆಕ್ಕ ಹೀಗೆ. ರೊಟ್ಟಿ ಯಂತ್ರ, ಹಿಟ್ಟಿನ ಗಿರಣಿ, ಪ್ಯಾಕಿಂಗ್ ಯಂತ್ರ ಸೇರಿ 6 ಲಕ್ಷದ ಘಟಕ ಎಂದುಕೊಳ್ಳಿ. ನಿಮ್ಮ ಕೈಯಿಂದ 10%, ಅಂದರೆ 60 ಸಾವಿರ. ಬ್ಯಾಂಕ್ ಸಾಲ 5 ಲಕ್ಷ 40 ಸಾವಿರ. ಸಹಾಯಧನ 3 ಲಕ್ಷ. ಈ 3 ಲಕ್ಷ ಮೊದಲ ದಿನವೇ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನಲ್ಲಿ ಪ್ರತ್ಯೇಕವಾಗಿ ಇರುತ್ತದೆ. ಮೂರು ವರ್ಷ ಕಂತು ಸರಿಯಾಗಿ ಕಟ್ಟಿ, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಹೊಂದಿಸುತ್ತಾರೆ. ಇದನ್ನು ಸಂಘದ ಎಲ್ಲ ಅಕ್ಕಂದಿರಿಗೂ ಮೊದಲೇ ಬಿಡಿಸಿ ಹೇಳಬೇಕು. "ಫ್ರೀ ರೊಕ್ಕ" ಎಂದು ತಿಳಿದು ಸೇರಿದವರು ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ, ಸಾಲ ಉಳಿದವರ ಹೆಗಲಿಗೆ ಬೀಳುತ್ತದೆ.

ಇಷ್ಟು ದೊಡ್ಡ ಸಾಲ ಬೇಡ ಎನ್ನುವವರಿಗೆ ಬೀಜಧನ ಇದೆ. ಆಹಾರ ತಯಾರಿಸುವ ಸಂಘದ ಒಬ್ಬ ಸದಸ್ಯೆಗೆ 40 ಸಾವಿರದವರೆಗೆ, ಒಕ್ಕೂಟದ ಮೂಲಕ. ಸಂಜೀವಿನಿ ಒಕ್ಕೂಟದ ಲೆಕ್ಕ ಬರೆಯುವ ಎಂಬಿಕೆ ಅಕ್ಕನನ್ನು ಕೇಳಿ. ಅರ್ಜಿ ತುಂಬಲು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳು ಇರುತ್ತಾರೆ, ಅವರಿಗೆ ಯೋಜನೆಯೇ ಸಂಭಾವನೆ ಕೊಡುತ್ತದೆ. ನೀವು ಕೊಡಬೇಕಾಗಿಲ್ಲ. ಯಂತ್ರ ತರುವ ಮುನ್ನ ತ್ರೀ ಫೇಸ್ ಕರೆಂಟ್ ಸಿಗುತ್ತಾ, ಎಷ್ಟು ತಾಸು ಸಿಗುತ್ತೆ ಎಂದು ಹೆಸ್ಕಾಂನಲ್ಲಿ ಕೇಳಿಕೊಳ್ಳಿ.

ಆಹಾರ ಬಿಟ್ಟು ಬೇರೆ ಕಸುಬಿಗೆ?

ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರು, ಗ್ಯಾರೇಜು, ವೆಲ್ಡಿಂಗ್ ಅಂಗಡಿ ಇಡುವ ಹುಡುಗರು ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ, ಅಂದರೆ ಪಿಎಂಇಜಿಪಿ ನೋಡಬಹುದು. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಘಟಕ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 25%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರಿಗೆ 35% ಸಹಾಯಧನ. ಹೊಸ ಘಟಕಕ್ಕೆ ಮಾತ್ರ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ರೈತರೆಲ್ಲ ಸೇರಿ ಗೋದಾಮು, ಶೀತಲಗೃಹ ಮಾಡಬಹುದಾ?

ಮಾಡಬಹುದು. ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲದ ಬಡ್ಡಿಯಲ್ಲಿ 3% ಸರ್ಕಾರ ಕಟ್ಟುತ್ತದೆ, ಏಳು ವರ್ಷದವರೆಗೆ. ತಿಕೋಟಾದ ಒಣದ್ರಾಕ್ಷಿ, ಇಂಡಿಯ ಲಿಂಬೆ ಬೆಳೆಗಾರರಿಗೆ ಇದರ ಬೆಲೆ ಗೊತ್ತು. ಶೀತಲಗೃಹ ಹತ್ತಿರ ಇಲ್ಲದಿದ್ದರೆ ವ್ಯಾಪಾರಿ ಹೇಳಿದ್ದೇ ರೇಟು. ರೈತ ಉತ್ಪಾದಕ ಕಂಪನಿ ಕಟ್ಟಿದರೆ 2020ರ ಯೋಜನೆಯಲ್ಲಿ ಕಂಪನಿ ನಡೆಸುವ ಖರ್ಚಿಗೆ ಮೂರು ವರ್ಷದಲ್ಲಿ 18 ಲಕ್ಷದವರೆಗೆ ನೆರವು ಇಟ್ಟಿದ್ದಾರೆ. ಬಯಲು ಪ್ರದೇಶದಲ್ಲಿ ಕನಿಷ್ಠ 300 ರೈತರು ಬೇಕು. ಇರುವ ಪಿಕೆಪಿಎಸ್ (ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಚೆನ್ನಾಗಿ ನಡೆಯುತ್ತಿದ್ದರೆ ಹೊಸ ಕಂಪನಿಗಿಂತ ಅದರ ಮೂಲಕವೇ ಗೋದಾಮು ಕೇಳುವುದು ಸುಲಭ.

ನಮ್ಮದು ಆಲಮಟ್ಟಿ ಹಿನ್ನೀರಿನ ಪುನರ್ವಸತಿ ಕೇಂದ್ರ. ರಸ್ತೆ, ನೀರು ಕೇಳಿದರೆ ಇವರು ಅವರ ಕಡೆ ತೋರಿಸುತ್ತಾರೆ, ಅವರು ಇವರ ಕಡೆ.

ಮೊದಲು ಒಂದೇ ಪ್ರಶ್ನೆ ಕೇಳಿ: ನಿಮ್ಮ ಕೇಂದ್ರ ಪಂಚಾಯಿತಿಗೆ ಹಸ್ತಾಂತರ ಆಗಿದೆಯಾ? ಆಗಿದ್ದರೆ ಪಂಚಾಯಿತಿ ಜವಾಬ್ದಾರಿ. ಆಗದಿದ್ದರೆ ಬಾಗಲಕೋಟೆ ನವನಗರದಲ್ಲಿರುವ ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿ ಆಯುಕ್ತರ ಕಚೇರಿ. ಹಸ್ತಾಂತರದ ಪತ್ರದ ನಕಲು ಕೈಯಲ್ಲಿದ್ದರೆ ಈ ತಿರುಗಾಟ ತಪ್ಪುತ್ತದೆ. ಅಣೆಕಟ್ಟಿನ ನೀರಿನ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸುವ ಮೂರನೇ ಹಂತದಲ್ಲಿ ಇನ್ನಷ್ಟು ಊರುಗಳು ಎದ್ದು ಹೋಗಬೇಕು. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ಎಂದು ನಿರ್ಧರಿಸಿತು. ಅದು ಜಮೀನಿನ ಪರಿಹಾರ. ಊರಿನ ಶಾಲೆ, ನೀರು, ಸ್ಮಶಾನ ಬೇರೆ. ಅವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ. ನಾಡಿಗೆ ನೀರು ಕೊಟ್ಟವರು ಕುಡಿಯುವ ನೀರಿಗೆ ಅಲೆಯಬಾರದು.

ಊರ ಪಕ್ಕ ಸುಣ್ಣದ ಕಲ್ಲಿನ ಗಣಿ ಇದೆ. ಊರಿಗೆ ಏನಾದರೂ ಬರಬೇಕಾ?

ಬರಬೇಕು. ಗಣಿಯವರು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟುತ್ತಾರೆ. 2015ಕ್ಕಿಂತ ಹಳೆಯ ಗುತ್ತಿಗೆಗೆ ರಾಜಧನದ 30%, ಆಮೇಲೆ ಹರಾಜಾದದ್ದಕ್ಕೆ 10%. ಅದು ಗಣಿಯಿಂದ ತೊಂದರೆಯಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಾಲೆಗೆ ಮೊದಲು ಹೋಗಬೇಕು. ಲೋಕಾಪುರ, ಮುಧೋಳದ ಕಡೆಯವರು ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ನಿಮ್ಮೂರು ಬಾಧಿತ ಗ್ರಾಮಗಳ ಪಟ್ಟಿಯಲ್ಲಿದೆಯಾ ಎಂದು ಕೇಳಿ.

ಪರಿಶಿಷ್ಟರ ಕಾಲೊನಿಗೆ ಪ್ರತ್ಯೇಕ ಹಣ ಇದೆ ಅಂತಾರೆ, ನಿಜಾನಾ?

ನಿಜ. 2013ರ ರಾಜ್ಯ ಕಾಯ್ದೆ ಪ್ರಕಾರ ಅಭಿವೃದ್ಧಿ ಹಣದಲ್ಲಿ ಜನಸಂಖ್ಯೆಗೆ ತಕ್ಕ ಪಾಲು, 24.1%, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಮೀಸಲು. ಆ ರೊಕ್ಕದ ಸಿಸಿ ರಸ್ತೆ ಊರಿನ ಅಗಸಿಯಲ್ಲಿ ಆಗಿ ಕೇರಿಯ ತನಕ ಬರದಿದ್ದರೆ, ಫೋಟೋ ಸಮೇತ ಸಮಾಜ ಕಲ್ಯಾಣ ಇಲಾಖೆಗೆ ಬರೆಯಿರಿ.

"ನಾನು ಮಂಜೂರು ಮಾಡಿಸಿಕೊಡ್ತೀನಿ, ಇಷ್ಟು ಪರ್ಸೆಂಟ್ ಕೊಡಿ" ಅಂತ ಒಬ್ಬರು ಬಂದಿದ್ದಾರೆ.

ಕೊಡಬೇಡಿ. ಆಧಾರ್, ಪಾಸ್‌ಬುಕ್ ನಕಲನ್ನೂ ಕೊಡಬೇಡಿ. ಅಧಿಕಾರಿಯೇ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಿ.

ಕೆಲಸ ಶುರುವಾಗಿದೆ, ಆದರೆ ಕಳಪೆ ಕಾಣುತ್ತಿದೆ. ಏನು ಮಾಡೋದು?

ಮೊದಲು ಕಾಮಗಾರಿಯ ಫಲಕ ನೋಡಿ. ಯೋಜನೆ ಹೆಸರು, ಮೊತ್ತ, ಗುತ್ತಿಗೆದಾರ, ಉದ್ದ-ಅಗಲ ಇರಬೇಕು. ಫಲಕ ಇಲ್ಲದಿದ್ದರೆ ಅದನ್ನೇ ಮೊದಲ ದೂರು ಮಾಡಿ. ಆಮೇಲೆ ಅಂದಾಜು ಪತ್ರಿಕೆಯ ನಕಲು ತಗೊಳ್ಳಿ. ಸಿಸಿ ರಸ್ತೆ 6 ಇಂಚು ದಪ್ಪ ಎಂದು ಬರೆದಿದ್ದರೆ, ಕಾಂಕ್ರೀಟು ಹಾಕುವ ದಿನವೇ ಅಂಚಿನಲ್ಲಿ ಟೇಪು ಹಿಡಿದು ಫೋಟೋ ತೆಗೆಯಿರಿ. ಮಣ್ಣು ಮುಚ್ಚಿದ ಮೇಲೆ ಯಾರಿಗೂ ತೋರಿಸಲಾಗುವುದಿಲ್ಲ. ಅಂಚಿನಲ್ಲಿ ದಪ್ಪ, ನಡುವೆ ತೆಳು ಹಾಕುವವರೂ ಇದ್ದಾರೆ. ಹಾಗಾಗಿ ಹಾಸುವ ಮೊದಲು ನಡುವಿನ ಮಟ್ಟವನ್ನೂ ನೋಡಿ. ಒಂದು ವಾರವಾದರೂ ನೀರು ಹೊಡೆಯುತ್ತಾರಾ ಗಮನಿಸಿ.

ಬಿಲ್ ಆಗುವುದು ಇಂಜಿನಿಯರ್ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಬರೆದ ಮೇಲೆ. ಬಿಲ್ ಆಗುವ ಮೊದಲೇ ಲಿಖಿತ ತಕರಾರು ಕೊಟ್ಟರೆ ಬೆಲೆ ಜಾಸ್ತಿ. ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ), ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ) ಪ್ರತಿ ಹಾಕಿ.

ಕಾಗದ ಕೇಳಿದರೆ ಕೊಡೋದೇ ಇಲ್ಲ. ದಾರಿ ಏನು?

ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್‌ನವರಿಗೆ ಅದೂ ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಊರಿನ ಹತ್ತು ವರ್ಷದ ಲೆಕ್ಕ ಒಟ್ಟಿಗೆ ಕೇಳಿದರೆ ತಿರಸ್ಕಾರ ಆಗುತ್ತದೆ. "ಈ ಕಾಮಗಾರಿಯ ಅಂದಾಜು ಪತ್ರಿಕೆ, ಎಂ.ಬಿ., ಬಿಲ್ ನಕಲು" ಎಂದಷ್ಟೇ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ.

ಇನ್ನೂ ಸುಲಭದ್ದು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯಿತಿಯಲ್ಲಿ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಡಬೇಕು. ಅಂದು ಕಡತ ನೋಡಲು ಯಾರೂ ಅರ್ಜಿ ಹಾಕಬೇಕಿಲ್ಲ.

ಬೆಳಗಾವಿ ಅಧಿವೇಶನದಲ್ಲಿ ಮನವಿ ಕೊಟ್ಟರೆ ಪ್ರಯೋಜನ ಇದೆಯಾ?

ಇದೆ, ಸುಮ್ನೆ ಹೋಗಿ ಘೋಷಣೆ ಕೂಗಿ ಬರದಿದ್ದರೆ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಮಂತ್ರಿಗಳು, ಕಾರ್ಯದರ್ಶಿಗಳು ನಮ್ಮ ನೆಲಕ್ಕೇ ಬಂದಿರುತ್ತಾರೆ. ಬೆಂಗಳೂರಿಗೆ ಹೋಗುವ ಖರ್ಚು ಉಳಿಯುತ್ತದೆ. ಅಧಿವೇಶನಕ್ಕೆ ಒಂದು ತಿಂಗಳು ಮುಂಚೆಯೇ ಶಾಸಕರನ್ನು ಕಂಡು, ನಿಮ್ಮ ಕೆಲಸದ ಬಗ್ಗೆ ಸದನದಲ್ಲಿ ಪ್ರಶ್ನೆ ಹಾಕಲು ಕೇಳಿಕೊಳ್ಳಿ. ಪ್ರಶ್ನೆ ಸ್ವೀಕಾರವಾದರೆ ಇಲಾಖೆ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಕಡತ ತೆಗೆದು ನೋಡಲೇಬೇಕಾಗುತ್ತದೆ. ಮಂತ್ರಿಗೆ ಕೊಡುವ ಮನವಿ ಒಂದು ಪುಟ ಮೀರದಿರಲಿ. ಪಂಚಾಯಿತಿ ಠರಾವು, ಉತಾರ, ಹಿಂದಿನ ಅರ್ಜಿಗಳ ಇನ್‌ವರ್ಡ್ ನಂಬರ್ ಹಿಂದೆ ಪಿನ್ ಮಾಡಿ. ಮಂತ್ರಿ ಅದರ ಮೇಲೆ ಷರಾ (ಟಿಪ್ಪಣಿ) ಬರೆದರೆ ಅಲ್ಲೇ ಫೋಟೋ ತೆಗೆದುಕೊಂಡು, ಎರಡು ವಾರ ಬಿಟ್ಟು ಆ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಪತ್ರ ಬಂದಿದೆಯಾ ಎಂದು ವಿಚಾರಿಸಿ.